‘ಸೆಟ್’ ಪಳಗಿಸುವ ಸೂತ್ರಗಳು

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ನಮೂದು ‘ಸೆಟ್’ ಎಂಬ ಪುಟ್ಟ ಕ್ರಿಯಾಪದದ್ದು. 430ಕ್ಕೂ ಹೆಚ್ಚು ಅರ್ಥ, ಸುಮಾರು 60,000 ಪದಗಳ ವಿವರಣೆ. ಪರೀಕ್ಷೆ, ಸಂದರ್ಶನ ಎಂದು ಓದುತ್ತಿರುವವರು ಇದನ್ನು ಪಳಗಿಸುವುದು ಹೀಗೆ.

1. ಉರು ಹೊಡೆಯುವ ಮೊದಲು ಬೇರು ಹಿಡಿಯಿರಿ. ಹಳೆಯ ಇಂಗ್ಲಿಷಿನ ‘ಸೆಟ್ಟನ್’ ಎಂದರೆ ಕೂರುವಂತೆ ಮಾಡು. ‘ಸಿಟ್’ ಕೂರು, ‘ಸೆಟ್’ ಕೂರಿಸು. ಕನ್ನಡದವರಿಗೆ ಇದು ಅರ್ಧ ಗೊತ್ತಿರುವ ಪಾಠ. ಅಕ್ಕಸಾಲಿಗ ಉಂಗುರಕ್ಕೆ ಹರಳು ಕೂರಿಸುತ್ತಾನೆ, ವೈದ್ಯರು ಜಾರಿದ ಮೂಳೆ ಕೂರಿಸುತ್ತಾರೆ. ಎರಡಕ್ಕೂ ಇಂಗ್ಲಿಷಿನಲ್ಲಿ ಸೆಟ್ಟೇ. ಅಲಾರಂ ಇಡುವುದು, ಬಲೆ ಒಡ್ಡುವುದು, ಮೊಸರು ಹೆಪ್ಪುಗಟ್ಟುವುದು, ಸಿಮೆಂಟು ಗಟ್ಟಿಯಾಗುವುದು, ಎಲ್ಲದರಲ್ಲೂ ಏನೋ ಒಂದು ತನ್ನ ಜಾಗದಲ್ಲಿ ನೆಲೆ ನಿಲ್ಲುತ್ತದೆ. ಸೂರ್ಯ ಮುಳುಗುವುದೂ ಸೆಟ್ಟೇ, ಪಾಪ ಅವನೂ ಕೂರಬೇಕಲ್ಲ.

2. ಗುಂಪು ಎಂಬ ಅರ್ಥದ ‘ಸೆಟ್’ ಬೇರೆ ಮನೆತನದ್ದು. ಲ್ಯಾಟಿನ್ನಿನ ‘ಸೆಕ್ಟ’ದಿಂದ ಹಳೆಯ ಫ್ರೆಂಚ್ ಮೂಲಕ ಬಂದದ್ದು, ಪಂಥ ಎನ್ನುವ ‘ಸೆಕ್ಟ್’ ಇದರ ದಾಯಾದಿ. ತಟ್ಟೆಗೆ ಎರಡೋ ಮೂರೋ ಬೀಳುವ ಸೆಟ್ ದೋಸೆ, ಗಣಿತದ ‘ಗಣ’ ಎಲ್ಲ ಈ ಕಡೆಯವು. (ಹಾಗೆ ನೋಡಿದರೆ ನಾವು ಗಣಪತಿ ಕೂರಿಸುವಾಗ ಎರಡೂ ಸೆಟ್ ಹಾಜರ್!)

3. ಬಾಲವನ್ನೂ ಸಂದರ್ಭವನ್ನೂ ನೋಡದೆ ಅರ್ಥ ಹೇಳಬೇಡಿ. ಹೆಚ್ಚು ಜನ ಜಾರುವುದು ಇಲ್ಲೇ. ಬಜೆಟ್ಟಿನಲ್ಲಿ ಸರ್ಕಾರ ಹಣವನ್ನು ‘ಸೆಟ್ ಅಸೈಡ್’ ಮಾಡಿದರೆ ಮೀಸಲಿಟ್ಟಿತು ಎಂದು. ಹೈಕೋರ್ಟು ಆದೇಶವೊಂದನ್ನು ‘ಸೆಟ್ ಅಸೈಡ್’ ಮಾಡಿದರೆ ರದ್ದು ಮಾಡಿತು ಎಂದು. ಒಂದರಲ್ಲಿ ಉಳಿಯಿತು, ಇನ್ನೊಂದರಲ್ಲಿ ಹೋಯಿತು. ‘ಸೆಟ್ ಆಫ್’ ಇನ್ನೂ ಕಿಲಾಡಿ: ಪ್ರಯಾಣ ಹೊರಡು, ಪಟಾಕಿ ಹಚ್ಚು, ಆದಾಯ ತೆರಿಗೆಯ ಲೆಕ್ಕದಲ್ಲಾದರೆ ನಷ್ಟವನ್ನು ಆದಾಯದೊಂದಿಗೆ ಹೊಂದಿಸಿ ಕಳೆ. ‘ಸೆಟ್‌ಬ್ಯಾಕ್’ ಎಂದರೆ ಹಿನ್ನಡೆ ಎಂದಷ್ಟೇ ತಿಳಿದವರು ಮನೆ ಕಟ್ಟಲು ಹೊರಟಾಗ ಸೈಟಿನ ಅಂಚಿಗೂ ಗೋಡೆಗೂ ನಡುವೆ ಬಿಡಬೇಕಾದ ಜಾಗಕ್ಕೂ ಅದೇ ಹೆಸರೆಂದು ಕಲಿಯುತ್ತಾರೆ.

4. ವರ್ತಮಾನದ ‘ಸ್’ ಒಂದನ್ನು ಬಿಟ್ಟರೆ, ಕಾಲ ಬದಲಾದರೂ ರೂಪ ಬದಲಾಗದು. ‘ಹಿ ಸೆಟ್ಸ್’ ವರ್ತಮಾನ, ‘ಹಿ ಸೆಟ್’ ಭೂತ. ‘ಸೆಟ್ಟೆಡ್’ ಎಂದು ಬರೆದಿರೋ, ಅಂಕ ಹೋಯಿತು.

5. ‘ನಂಗೂ ಅವ್ನಿಗೂ ಸೆಟ್ ಆಗಲ್ಲ’ ಎಂಬುದನ್ನು ಇಂಗ್ಲಿಷ್ ಸಂದರ್ಶನಕ್ಕೆ ಒಯ್ಯಬೇಡಿ. ಹೊಂದಿಕೆಯ ಈ ಅರ್ಥ ನಮ್ಮ ಬೀದಿಗಳು ಹುಟ್ಟಿಸಿದ್ದು. ಗೆಳೆಯರ ನಡುವೆ ಧಾರಾಳವಾಗಿ ಬಳಸಿ, ನನಗಂತೂ ಇಷ್ಟವೇ.

6. ಇಷ್ಟು ಕೈಗೆ ಹತ್ತಿದ ಮೇಲೆ ‘ರನ್’ಗೆ ಹೋಗಿ. ಅದೇ ನಿಘಂಟಿನ ಹೊಸ ಪರಿಷ್ಕರಣೆಯಲ್ಲಿ ಈ ಕ್ರಿಯಾಪದಕ್ಕೆ 645 ಅರ್ಥ. ‘ಸೆಟ್’ ಈಗ ಎರಡನೇ ಸಾಲಿನಲ್ಲಿ ಕೂತಿದೆ.