ಕಾಳ್ಗಿಚ್ಚೂ ವನ್ಯಜೀವಿಗಳ ನೆಲೆಯೂ

ಅರಣ್ಯವೆಂದರೆ ಬರಿಯ ಮರಗಳ ಸಮೂಹವಲ್ಲ. ಅದರಲ್ಲಿ ಹುಲ್ಲುಂಟು, ಪೊದೆಯುಂಟು, ಉದುರಿದ ತರಗೆಲೆಯುಂಟು, ಒಣಗಿ ನಿಂತ ಮರವುಂಟು. ಇವುಗಳಲ್ಲಿ ಪ್ರತಿಯೊಂದೂ ಬೇಸಗೆಯಲ್ಲಿ ಬೆಂಕಿಗೆ ತುತ್ತಾಗಬಲ್ಲುದು. ಹಾಗೆಯೇ ಪ್ರತಿಯೊಂದೂ ಯಾವುದಾದರೊಂದು ಜೀವಿಗೆ ಆಹಾರವೋ ಆಶ್ರಯವೋ ಆಗಿರುವುದು. ಬೆಂಕಿಯ ಭಯದಿಂದ ಎಲ್ಲವನ್ನೂ ಸವರಿ ತೆಗೆದರೆ ಪ್ರಾಣಿಗಳು ನೆಲೆಗೆಡುವುವು. ಏನನ್ನೂ ಮುಟ್ಟದೆ ಬಿಟ್ಟರೆ ಒಂದು ದಿನ ಕಾಳ್ಗಿಚ್ಚು ಮರವನ್ನೂ ಪ್ರಾಣಿಯನ್ನೂ ಒಟ್ಟಿಗೆ ನುಂಗುವುದು. ಈ ಎರಡು ಅಪಾಯಗಳ ನಡುವಣ ದಾರಿ ಯಾವುದೆಂಬುದನ್ನು ನಮ್ಮ ಸುತ್ತಣ ಕಾಡಿನ ದೃಷ್ಟಾಂತದಿಂದಲೇ ವಿಚಾರಮಾಡೋಣ.

ತಾಳವಾಡಿಯ ಸುತ್ತಲೂ ಹಬ್ಬಿರುವ ಸತ್ಯಮಂಗಲದ ಕಾಡು, ಉತ್ತರಕ್ಕೆ ಬಿಳಿಗಿರಿರಂಗನ ಬೆಟ್ಟ, ಪಶ್ಚಿಮಕ್ಕೆ ಮುದುಮಲೆ, ಬಂಡೀಪುರ ಮತ್ತು ವಯನಾಡು: ಇವುಗಳ ನಡುವೆ ಮೂರು ರಾಜ್ಯಗಳ ಗಡಿಗಳಿವೆ. ಆದರೆ ಆ ಗಡಿ ಆನೆಗೂ ತಿಳಿಯದು, ಬೆಂಕಿಗೂ ತಿಳಿಯದು. ಇಲ್ಲಿಯ ಮತ್ತಿ, ದಿಂಡಿಗ, ತೇಗ ಮೊದಲಾದ ಮರಗಳು ಚಳಿಗಾಲ ಕಳೆಯುತ್ತಲೇ ಎಲೆಯುದುರಿಸುವುವು, ಹುಲ್ಲು ಒಣಗುವುದು. ಬೆಂಕಿ ಹತ್ತುವುದು ಬಹುಮಟ್ಟಿಗೆ ಮನುಷ್ಯನ ಕೈಯಿಂದಲೇ. 2019ನೆಯ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಎದ್ದ ಕಿಚ್ಚು ಕೆಲವೇ ದಿನಗಳಲ್ಲಿ ಸಾವಿರಾರು ಎಕರೆಗಳನ್ನು ಸುಟ್ಟಿತು.

ಹಿಂದೆ ಕಾಡಿನಲ್ಲಿ ಬೆಂಕಿ ಇರಲಿಲ್ಲವೆ? ಇತ್ತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಗೆಯ ಮೊದಲಲ್ಲಿಯೇ, ನೆಲ ಪೂರ್ತಿ ಒಣಗುವ ಮುನ್ನ, ತರಗಿಗೆ ಬೆಂಕಿಯಿಡುತ್ತಿದ್ದರು. ಇದಕ್ಕೆ ‘ತರಗು ಬೆಂಕಿ’ ಎಂದು ಹೆಸರು. ಅದು ನೆಲದ ಮೇಲೆ ತಗ್ಗಾಗಿ ಹರಿದು, ಕಸವನ್ನು ಸುಟ್ಟು, ದೊಡ್ಡ ಮರಗಳನ್ನು ಬಾಧಿಸದೆ ಆರುತ್ತಿತ್ತು. ಬಳಿಕ ಎಳೆಯ ಹುಲ್ಲು ಚಿಗುರುತ್ತಿತ್ತು. ನೆಲ್ಲಿಮರಕ್ಕೆ ಹತ್ತುವ ಬಂದಳಿಕೆಯೂ ಮಿತಿಯಲ್ಲಿರುತ್ತಿತ್ತು ಎಂದು ಸೋಲಿಗರ ಹಿರಿಯರು ಹೇಳುವರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಶಾಸನವಾಯಿತು. 1974ರಲ್ಲಿ ಆ ಬೆಟ್ಟವು ಅಭಯಾರಣ್ಯವಾಯಿತು. ಅನಂತರ ಈ ಪದ್ಧತಿ ನಿಂತುಹೋಯಿತು.

ಹಾಗಾದರೆ ತರಗು ಬೆಂಕಿಯನ್ನು ಮತ್ತೆ ಇಟ್ಟರೆ ಸಾಲದೆ ಎಂದು ಕೇಳಬಹುದು. ಸಾಲದು, ಏಕೆಂದರೆ ಕಾಡು ಮೊದಲಿನಂತಿಲ್ಲ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ತೋಟದ ಅಲಂಕಾರಕ್ಕಾಗಿ ನಮ್ಮ ದೇಶಕ್ಕೆ ತಂದ ಅಮೆರಿಕದ ಲಂಟಾನ ಗಿಡವು ಇಂದು ಈ ಕಾಡುಗಳ ತಳವನ್ನೆಲ್ಲ ತುಂಬಿದೆ. ಅದು ಆಳೆತ್ತರಕ್ಕೂ ಮೀರಿ ಬೆಳೆದು ಮರಗಳನ್ನು ಹತ್ತುವುದು. ನೆಲದ ಕಿಚ್ಚಿಗೆ ಅದೇ ಏಣಿಯಾಗಿ ಉರಿಯನ್ನು ಮರದ ನೆತ್ತಿಗೆ ಒಯ್ಯುವುದು. ಸುಟ್ಟರೂ ಅದು ಬುಡದಿಂದ ಮತ್ತೆ ಚಿಗುರುವುದು. ಅದರ ದಟ್ಟ ನೆರಳಿನಲ್ಲಿ ಹುಲ್ಲು ಬೆಳೆಯದ ಕಾರಣ ಜಿಂಕೆ, ಕಾಟಿ, ಆನೆಗಳಿಗೆ ಮೇವು ಕಡಮೆಯಾಗುವುದು. ಮೇವು ಕಡಮೆಯಾದ ಕಾಡಿನ ಅಂಚಿನಲ್ಲಿ ಬಾಳೆ, ಕಬ್ಬು ಬೆಳೆಯುವ ರೈತನಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದುದರಿಂದ ಮೊದಲು ಲಂಟಾನವನ್ನು ಕೈಯಿಂದಲೇ ತೆಗೆಯಬೇಕು. ಮೇಲೆ ಕಡಿದರೆ ಪ್ರಯೋಜನವಿಲ್ಲ. ತಾಯಿಬೇರನ್ನು ಮಣ್ಣಿನೊಳಗೆ ಕತ್ತರಿಸಿ, ಬುಡವನ್ನು ತಲೆಕೆಳಗಾಗಿ ಒಣಗಿಸಬೇಕು. ಮುಂದಿನ ಮಳೆಗಾಲಗಳಲ್ಲಿ ಮೊಳೆಯುವ ಸಸಿಗಳನ್ನೂ ಕೀಳಬೇಕು. ಆದರೆ ಇಡೀ ಕಾಡನ್ನು ಒಂದೇ ವರ್ಷ ಬೋಳುಮಾಡಬಾರದು. ಬೇರೆ ಮರೆಯಿಲ್ಲದ ಕಡೆ ಪ್ರಾಣಿಗಳು ಈ ಪೊದೆಯಲ್ಲಿಯೇ ಅಡಗುವುವು. ಪಿಕಳಾರ ಹಕ್ಕಿಗಳು ಅದರ ಹಣ್ಣನ್ನೇ ತಿನ್ನುವುವು. ಭಾಗಭಾಗವಾಗಿ ತೆಗೆದು, ಆ ಜಾಗದಲ್ಲಿ ನಾಡ ಹುಲ್ಲು, ಕವಳೆ, ನೆಲ್ಲಿಗಳು ಏಳುವಂತೆ ಮಾಡಿ, ಮುಂದಿನ ಭಾಗಕ್ಕೆ ಕೈಹಾಕುವುದು ವಿವೇಕ.

ಒಣಮರದ ವಿಷಯವೂ ಹೀಗೆಯೇ. ಟೊಳ್ಳಾದ ಒಣಮರಕ್ಕೆ ಬೆಂಕಿ ಹೊಕ್ಕರೆ ಅದು ಹೊಗೆಗೂಡಿನಂತೆ ಉರಿದು ಕಿಡಿಗಳನ್ನು ದೂರಕ್ಕೆ ಎರಚುವುದು. ಆದರೆ ಮರಕುಟಿಗ ಕೊರೆದ ಪೊಟರೆಯಲ್ಲಿ ಗಿಳಿ, ಗೂಬೆಗಳು ಮರಿಮಾಡುವುವು. ಹಾರುವ ಅಳಿಲು ಹಗಲೆಲ್ಲ ನಿದ್ರಿಸುವುದು. ಹಾಗಾಗಿ ರಸ್ತೆ ಮತ್ತು ಬೆಂಕಿರೇಖೆಯ ಪಕ್ಕದ ಒಣಮರಗಳನ್ನು ಕೆಡವಿ, ಒಳಗಾಡಿನವನ್ನು ಹಾಗೆಯೇ ಬಿಡುವುದು ತಕ್ಕುದು. ತೇಗದ ನೆಡುತೋಪುಗಳಲ್ಲಿ ಬಡಕಲು ಮರಗಳನ್ನು ಕಡಿದು ತೆಳುಮಾಡುವಾಗ ರೆಂಬೆಕೊಂಬೆಗಳನ್ನು ಅಲ್ಲಿಯೇ ಒಟ್ಟಿ ಬಿಟ್ಟರೆ ಬೆಂಕಿಗೆ ನಾವೇ ಸೌದೆ ಕೂಡಿಟ್ಟಂತಾಗುವುದು. ತೆರವಾದ ಬಿಸಿಲಿಗೆ ಲಂಟಾನವೂ ನುಗ್ಗುವುದು.

ಕಾಲವನ್ನೂ ಗಮನಿಸಬೇಕು. ಕಾಡುಕೋಳಿ ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿ. ಬೇಸಗೆ ಬಲಿಯುವ ಮುನ್ನವೇ ಬೆಂಕಿರೇಖೆಯ ಕೆಲಸ ಮುಗಿದರೆ ಅದರ ಗೂಡು ಉಳಿಯುವುದು. ಮಿತವಾದ ಬೆಂಕಿಯೂ ಪದೇ ಪದೇ ಬರಬಾರದು. ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಿಂದ ಮುದುಮಲೆಯ 50 ಹೆಕ್ಟೇರು ಕಾಡಿನಲ್ಲಿ ಮರಗಳನ್ನು ಅಳೆದು ಲೆಕ್ಕವಿಡುತ್ತ ಬಂದಿದ್ದಾರೆ. ಬೆಂಕಿಗೆ ಹೆಚ್ಚಾಗಿ ಬಲಿಯಾಗುವುವು ಎಳೆಯ ಗಿಡಗಳೇ ಎಂಬುದು ಅಲ್ಲಿ ಕಂಡುಬಂದಿದೆ. ದೊಡ್ಡ ಮರಗಳು ಉಳಿದರೂ, ಅವುಗಳ ಬಳಿಕ ಬರಬೇಕಾದ ಮರಗಳು ಇಲ್ಲವಾಗುವುವು.

ಎಷ್ಟು ಕಡಿಯಬೇಕೆಂಬುದಕ್ಕಿಂತ ಯಾವುದನ್ನು, ಎಲ್ಲಿ, ಯಾವಾಗ ತೆಗೆಯಬೇಕೆಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ. ಇದಕ್ಕೆ ವಿಜ್ಞಾನಿಯ ಲೆಕ್ಕವೂ ಬೇಕು, ಕಾಡಿನಲ್ಲಿ ಹುಟ್ಟಿ ಬೆಳೆದವರ ಅನುಭವವೂ ಬೇಕು. ಅನುಮತಿಯಿಲ್ಲದೆ ಕಾಡಿಗೆ ಬೆಂಕಿಯಿಡುವುದು ಅಪರಾಧವೆಂಬುದನ್ನು ಮಕ್ಕಳು ಮರೆಯಬಾರದು. ಬೇಸಗೆಯಲ್ಲಿ ಹೊಲದಂಚಿನ ಕಸ ಸುಡುವಾಗ, ಬೀಡಿ ಎಸೆಯುವಾಗ ಹಿರಿಯರೂ ಇದನ್ನು ನೆನೆಯಬೇಕು.

ಅಭ್ಯಾಸ

1. ತರಗು ಬೆಂಕಿಗೂ ಇಂದಿನ ಕಾಳ್ಗಿಚ್ಚಿಗೂ ಇರುವ ವ್ಯತ್ಯಾಸವೇನು?
2. ಲಂಟಾನವನ್ನು ಒಂದೇ ಸಲಕ್ಕೆ ತೆಗೆಯಬಾರದೇಕೆ?
3. ನಿಮ್ಮ ಊರಿನ ಬಳಿಯ ಒಂದು ಒಣಮರವನ್ನು ಒಂದು ವಾರ ದೂರದಿಂದ ನೋಡಿ, ಅಲ್ಲಿಗೆ ಬರುವ ಜೀವಿಗಳ ಪಟ್ಟಿಮಾಡಿರಿ.