ಅಂಗೈಯಗಲದ ಕಾಗದ, ದಪ್ಪ ಕುಂಚ

ದಿನಾ ಒಂದು ಸಣ್ಣ ಚಿತ್ರ ಬರೆಯುವ ವ್ರತ ಹಿಡಿದಿದ್ದೀಯಂತೆ. ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಹಗಲಿಡೀ ಆನಿಮೇಷನ್ ಕಂಪನಿಯಲ್ಲಿ ಪರದೆ ನೋಡಿ ಬಂದವಳು ರಾತ್ರಿ ಮತ್ತೆ ಬಣ್ಣ ಕಲಸಿಕೊಂಡು ಕೂತರೆ ಕಣ್ಣಿನ ಗತಿ ಏನು ಎಂಬುದು ಅವಳ ಚಿಂತೆ. ಅದು ಅವಳಿಗಿರಲಿ. ನನ್ನ ಚಿಂತೆ ಬೇರೆ. ನೀನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದನ್ನೆಲ್ಲ ನೋಡಿದೆ. ಮುಕ್ಕಾಲು ಪಾಲು ದಾಸವಾಳ. ಒಂದಕ್ಕಿಂತ ಒಂದು ಚೆನ್ನಾಗಿದೆ. ತೊಂದರೆ ಇರುವುದೇ ಅಲ್ಲಿ.

ಒಂದೇ ವಸ್ತುವನ್ನು ಮತ್ತೆ ಮತ್ತೆ ಬರೆದ ಕೈ ಕಣ್ಣಿನ ಅಪ್ಪಣೆಗೆ ಕಾಯುವುದಿಲ್ಲ, ತನ್ನಷ್ಟಕ್ಕೆ ಓಡುತ್ತದೆ. ಶಾಲೆಯ ಚಿತ್ರಸ್ಪರ್ಧೆಗಳಿಗೆ ತೀರ್ಪುಗಾರರಾಗಿ ಹೋದ ಡ್ರಾಯಿಂಗ್ ಮೇಷ್ಟ್ರುಗಳನ್ನು ಕೇಳಿ ನೋಡು: ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಕೆಳಗೊಂದು ಹೊಳೆ, ಪಕ್ಕದಲ್ಲಿ ಗುಡಿಸಲು, ವಾಲಿದ ತೆಂಗಿನ ಮರ. ಶಿರಸಿಯ ಹುಡುಗನೂ ಅದನ್ನೇ ಬರೆಯುತ್ತಾನೆ, ಸಿಂಧನೂರಿನ ಎರೆಹೊಲದ ನಡುವೆ ಬೆಳೆದ ಹುಡುಗಿಯೂ ಅದನ್ನೇ ಬರೆಯುತ್ತಾಳೆ. ಇಬ್ಬರೂ ಹೊರಗೆ ಹೋಗಿ ನೋಡಿದವರಲ್ಲ. ದೊಡ್ಡವರಾದ ನಾವು ಮಾಡುವುದೂ ಇದನ್ನೇ, ಇನ್ನಷ್ಟು ನಯವಾಗಿ. ನಿನ್ನ ಇತ್ತೀಚಿನ ದಾಸವಾಳಗಳಲ್ಲಿ ಐದೂ ಎಸಳು ಒಂದೇ ಸೆಳೆತದಲ್ಲಿ ಬಂದಿವೆ, ಕೇಸರದ ದಂಟು ಪ್ರತಿ ಸಲವೂ ಬಲಕ್ಕೇ ಬಾಗಿದೆ. ನಿನ್ನ ಕುಂಡದ ಗಿಡ ಅಷ್ಟು ವಿಧೇಯವಾಗಿರಲಿಕ್ಕಿಲ್ಲ.

ಚೆನ್ನಾಗಿ ಬರತೊಡಗಿತು ಅನ್ನಿಸಿದ ಕೂಡಲೇ ವಸ್ತು ಬದಲಿಸು. ಇವತ್ತು ಹೂವಾದರೆ ನಾಳೆ ಮಿಕ್ಸಿಯ ಜಾರು, ನಾಡಿದ್ದು ಬಸ್ಸಿನಲ್ಲಿ ಎದುರು ಕೂತವರ ಚಪ್ಪಲಿ, ಆಮೇಲೆ ಕಿಟಕಿಯಾಚೆ ಅರ್ಧ ಕಟ್ಟಿ ನಿಲ್ಲಿಸಿದ ಅಪಾರ್ಟ್‌ಮೆಂಟು. ಚಂದದ್ದನ್ನೇ ಹುಡುಕಬೇಡ. ಚಂದದ ವಸ್ತು ಅರ್ಧ ಕೆಲಸವನ್ನು ತಾನೇ ಮಾಡಿಬಿಡುತ್ತದೆ, ನೋಡುವವರು ಚಿತ್ರವನ್ನು ಬಿಟ್ಟು ಹೂವನ್ನು ಹೊಗಳಿ ಹೋಗುತ್ತಾರೆ.

ಈ ದಿನಕ್ಕೊಂದು ಚಿತ್ರದ ಪದ್ಧತಿಯನ್ನು ಈಗಿನ ರೂಪದಲ್ಲಿ ಊರೆಲ್ಲ ಹಬ್ಬಿಸಿದವರಲ್ಲಿ ಅಮೆರಿಕದ ವರ್ಜೀನಿಯಾದ ಡ್ವೇನ್ ಕೈಸರ್ ಒಬ್ಬರು. 2004ರ ಡಿಸೆಂಬರಿನಲ್ಲಿ ಅವರು ಪೋಸ್ಟ್‌ಕಾರ್ಡ್ ಗಾತ್ರದ ತೈಲಚಿತ್ರಗಳನ್ನು ದಿನಕ್ಕೊಂದರಂತೆ ಬರೆದು ಅಂತರ್ಜಾಲದಲ್ಲಿ ಮಾರತೊಡಗಿದರು. ಮರುವರ್ಷ ಫ್ರಾನ್ಸಿನ ಪ್ರೊವಾನ್ಸ್‌ನಲ್ಲಿ ನೆಲೆಸಿದ್ದ ಜೂಲಿಯನ್ ಮೆರೋ-ಸ್ಮಿತ್ ಅದೇ ದಾರಿ ಹಿಡಿದರು. ಕೈಸರ್ ಬರೆದದ್ದೇನು ಗೊತ್ತೇ? ಕಡಲೆಬೀಜದ ಬೆಣ್ಣೆ ಸವರಿದ ಸ್ಯಾಂಡ್‌ವಿಚ್, ಮೊಟ್ಟೆ, ಅಡುಗೆಮನೆಯಲ್ಲಿ ಕೈಗೆ ಸಿಕ್ಕಿದ್ದು. ಆ ಸ್ಯಾಂಡ್‌ವಿಚ್ಚಿನ ಚಿತ್ರ ಎಷ್ಟು ಹೊತ್ತು ನೋಡಿದರೂ ಸಾಲದು, ಬ್ರೆಡ್ಡಿನ ಅಂಚಿನಲ್ಲಿ ಬಣ್ಣವೂ ಬೆಣ್ಣೆಯ ಹಾಗೇ ಕೂತಿದೆ.

ಮಾರಾಟದ ದಾರಿ ಹೊಸದು, ಕೆಲಸ ಹಳೆಯದು. ಇಂಗ್ಲೆಂಡಿನ ಜಾನ್ ಕಾನ್‌ಸ್ಟೆಬಲ್ 1821 ಮತ್ತು 1822ರಲ್ಲಿ ಲಂಡನ್ ಪಕ್ಕದ ಹ್ಯಾಂಪ್‌ಸ್ಟೆಡ್ ದಿಣ್ಣೆಯ ಮೇಲೆ ನಿಂತು ಬರೀ ಮೋಡಗಳನ್ನು ಸಣ್ಣ ಕಾಗದಗಳ ಮೇಲೆ ತೈಲವರ್ಣದಲ್ಲಿ ಬರೆದ. ಹಲವು ಚಿತ್ರಗಳ ಹಿಂದೆ ತಾರೀಖು, ಗಂಟೆ, ಗಾಳಿ ಯಾವ ದಿಕ್ಕಿನದು ಎಂದೂ ಗುರುತು ಹಾಕಿಟ್ಟ. ಅದಕ್ಕೂ ಮೊದಲು, 1800ರಲ್ಲಿ, ಫ್ರಾನ್ಸಿನ ವಾಲೆನ್ಸಿಯೆನ್ ತನ್ನ ಪುಸ್ತಕದಲ್ಲಿ ಶಿಷ್ಯರಿಗೆ ಗಡುವು ಹಾಕಿದ್ದ: ಬಯಲಿನ ಚಿತ್ರಕ್ಕೆ ಎರಡು ಗಂಟೆ ಮೀರಬಾರದು, ಸೂರ್ಯ ಹುಟ್ಟುವ ಮುಳುಗುವ ಹೊತ್ತಿನದಾದರೆ ಅರ್ಧ ಗಂಟೆ. ಅಷ್ಟರಲ್ಲಿ ನೆರಳು ಜಾಗ ಬದಲಿಸಿರುತ್ತದೆ, ಆಮೇಲೆ ಬರೆಯುವುದೆಲ್ಲ ನೆನಪಿನ ಕಟ್ಟುಕಥೆ.

ಕೆನಡಾದ ಟಾಮ್ ಥಾಮ್ಸನ್‌ನನ್ನು ನಿನಗಾಗಿಯೇ ಹೇಳುತ್ತಿದ್ದೇನೆ. ಅವನೂ ಹೊಟ್ಟೆಪಾಡಿಗೆ ಟೊರಾಂಟೊದ ವಿನ್ಯಾಸ ಕಂಪನಿಯಲ್ಲಿ ದುಡಿದವನು. ಆಮೇಲೆ ಅಲ್ಗಾಂಕ್ವಿನ್ ಕಾಡಿಗೆ ಹೋಗಿ, ಮೀನು ಹಿಡಿಯಲು ಬಂದವರಿಗೆ ದಾರಿ ತೋರಿಸುತ್ತ, ಎಂಟೂವರೆಗೆ ಹತ್ತೂವರೆ ಇಂಚಿನ ಹಲಗೆಗಳ ಮೇಲೆ ಚಿತ್ರ ಬರೆದ. ಕರಗುವ ಹಿಮ, ಹೊಳೆಯಲ್ಲಿ ತೇಲಿಬಿಟ್ಟ ಮರದ ದಿಮ್ಮಿ, ಧ್ರುವದ ಬೆಳಕು, ರಾತ್ರಿ, ಯಾವುದನ್ನೂ ಬಿಡಲಿಲ್ಲ. 1917ರಲ್ಲಿ, ಇನ್ನೂ 39 ವಯಸ್ಸು, ಅಲ್ಲಿನ ಕ್ಯಾನೋ ಕೆರೆಯಲ್ಲಿ ತೀರಿಕೊಂಡ. ಈಗ ಕೆನಡಾದವರೆಲ್ಲ ತಮ್ಮದೆಂದು ಹೇಳಿಕೊಳ್ಳುವ ‘ಜ್ಯಾಕ್ ಪೈನ್’ ದೊಡ್ಡ ಚಿತ್ರ ಅಂಥದೊಂದು ಹಲಗೆಯಿಂದಲೇ ಎದ್ದುಬಂದದ್ದು.

ನಮ್ಮಲ್ಲಿ ಶಾಂತಿನಿಕೇತನದ ನಂದಲಾಲ್ ಬೋಸ್ ಕಾರ್ಡುಗಳ ಮೇಲೆ ಬರೆದದ್ದಕ್ಕೆ ಲೆಕ್ಕವಿಲ್ಲ. ಆಡು, ತಾಳೆಮರ, ಸಂತಾಲ ಹೆಂಗಸರು, ಎಲ್ಲ ನಾಲ್ಕು ಗೆರೆಯಲ್ಲಿ ಅಂಚೆ ಹತ್ತಿ ಶಿಷ್ಯರ, ಗೆಳೆಯರ ಮನೆ ಸೇರಿದವು.

ಇನ್ನು ಕಾಗದದ ಮಾತು. ನೀನು ಕಟ್ಟಿನಲ್ಲಿ ಸಿಗುವ ಅಂದದ ಸಣ್ಣ ಪುಸ್ತಕ ಕೊಂಡಿದ್ದೀಯ, ದುಬಾರಿ. ಇಪ್ಪತ್ತೆರಡಕ್ಕೆ ಮೂವತ್ತು ಇಂಚಿನ, 300 ಜಿಎಸ್‌ಎಂ ತೂಕದ, ಹತ್ತಿಯ ಕಾಗದದ ಒಂದು ಪೂರ್ತಿ ಹಾಳೆ ತಂದು ಒಂದು ಕಡೆ ನಾಲ್ಕು, ಇನ್ನೊಂದು ಕಡೆ ಎಂಟು ಭಾಗ ಮಾಡಿ ಹರಿ. ಮೂವತ್ತೆರಡು ತುಂಡು ಬರುತ್ತವೆ, ಒಂದೊಂದೂ ಹೆಚ್ಚುಕಡಿಮೆ ನಮ್ಮ ಅಂಚೆ ಕಾರ್ಡಿನಷ್ಟು. ತಿಂಗಳಿಗೆ ಸಾಕು, ಹಾಳಾದರೆ ಇರಲಿ ಎಂದು ಎರಡು ಹೆಚ್ಚಿಗೆ. ಕಾಗದ ಅಗ್ಗವಾದಷ್ಟೂ ಧೈರ್ಯ ಜಾಸ್ತಿ ಎಂದು ಕೆಲವರು ನೋಟ್‌ಬುಕ್ಕಿನ ಹಾಳೆಯಲ್ಲಿ ಜಲವರ್ಣ ಮಾಡುತ್ತಾರೆ. ಅದು ತಪ್ಪು ಲೆಕ್ಕ. ತೆಳು ಕಾಗದ ನೀರು ತಾಗಿದ ಕೂಡಲೇ ಸೊಟ್ಟಗಾಗಿ ಬಣ್ಣವೆಲ್ಲ ಹಳ್ಳದಲ್ಲಿ ನಿಲ್ಲುತ್ತದೆ, ಬರೆಯುವವರು ತಮ್ಮ ಕೈಯನ್ನು ಬೈದುಕೊಳ್ಳುತ್ತಾರೆ.

ಕುಂಚ ಮಾತ್ರ ದಪ್ಪಗಿರಲಿ. ಕಾಗದ ಸಣ್ಣದೆಂದು ಸೂಜಿಮೊನೆಯ ಕುಂಚ ಹಿಡಿಯುವುದು ಎಲ್ಲರೂ ಮಾಡುವ ಕೆಲಸ, ನೀನೂ ಮಾಡುತ್ತಿದ್ದೀಯ. ಸಣ್ಣ ಕಾಗದ, ಸಣ್ಣ ಕುಂಚ ಎರಡೂ ಸೇರಿದರೆ ದೊಡ್ಡ ಚಿತ್ರವನ್ನು ಕುಗ್ಗಿಸಿದ ಹಾಗಾಗುತ್ತದೆ, ಅಷ್ಟೆ. ಅಂಗೈಯಗಲದ ಜಾಗದಲ್ಲಿ ಎಂಟನೇ ನಂಬರಿನ ದುಂಡು ಕುಂಚ ಹಿಡಿದು ನೋಡು. ಎಲೆಯ ನರ ಬರೆಯಲಿಕ್ಕಾಗುವುದಿಲ್ಲ. ಆಗ ಏನು ಬಿಡಬೇಕು, ಏನು ಉಳಿಸಿಕೊಳ್ಳಬೇಕು ಎಂದು ತೀರ್ಮಾನ ಮಾಡಲೇಬೇಕಾಗುತ್ತದೆ.

ಒಂದು ಬದನೆಕಾಯಿ ತಗೋ. ಮಾರುಕಟ್ಟೆಯ ಸಾದಾ ನೇರಳೆ ಬದನೆ. ಕಿಟಕಿಯ ಪಕ್ಕ ಇಡು, ಬಲ್ಬು ಆರಿಸು. ಮೊದಲ ನೋಟಕ್ಕೆ ಕಪ್ಪು ಅನ್ನಿಸುತ್ತದೆ. ಕಪ್ಪು ಬಣ್ಣದ ಟ್ಯೂಬು ಮುಟ್ಟಬೇಡ. ಅಲ್ಟ್ರಾಮರೀನ್ ನೀಲಿಗೆ ಗಾಢ ಗುಲಾಬಿ ಕೆಂಪು ಸೇರಿಸಿ, ಚೂರು ಬರ್ನ್ಟ್ ಸಿಯೆನ್ನಾ ಹಾಕು, ಆ ಕಡುಬಣ್ಣದೊಳಗೆ ಜೀವ ಇರುತ್ತದೆ. ಮೈಮೇಲಿನ ಹೊಳಪನ್ನು ಈಗ ಹತ್ತಿರದಿಂದ ನೋಡು. ಅದು ಬರೀ ಬಿಳಿ ಚುಕ್ಕೆಯಲ್ಲ, ನಿನ್ನ ಕಿಟಕಿ, ಸರಳಿನ ಸಮೇತ, ಬಾಗಿ ಅಲ್ಲಿ ಕೂತಿದೆ, ಆಕಾಶದ ನೀಲಿಯನ್ನೂ ತಂದಿದೆ. ಅಡಿಭಾಗದಲ್ಲಿ ನೆಲದ ಬಣ್ಣ ಮೇಲಕ್ಕೆ ಹಾಯ್ದಿರುತ್ತದೆ. ನಮ್ಮ ಹಳೆಮನೆಯ ಕೆಂಪು ನೆಲದ ಮೇಲಿಟ್ಟರೆ ಅದರ ಹೊಟ್ಟೆಯೇ ಕೆಂಪೇರುತ್ತದೆ. ತೊಟ್ಟಿನ ಹಸಿರು ಟೊಪ್ಪಿಗೆಯನ್ನು ಚೂರು ಎತ್ತಿ ನೋಡು, ಕೆಳಗಿನ ಸಿಪ್ಪೆ ಬಿಳಿಚಿಕೊಂಡಿದೆ, ಬಿಸಿಲು ಬೀಳದ ಕಡೆ ಆ ನೇರಳೆ ಕಟ್ಟುವುದಿಲ್ಲ. ಆ ತೆಳು ಗೆರೆಯೊಂದನ್ನು ಹಿಡಿದೆಯೋ, ಟೊಪ್ಪಿಗೆ ಕಾಯಿಗೆ ಅಂಟಿ ಕೂರುತ್ತದೆ. ಇಷ್ಟು ವರ್ಷ ಹುಳಿಗೆ ಹೆಚ್ಚಿದವರು ಎಷ್ಟು ಜನ ಇದನ್ನು ಕಂಡಿದ್ದಾರೆ?

ಇಷ್ಟೂ ತಿಳಿಯಿತೆಂದು ಮರುದಿನ ಇನ್ನೊಂದು ಬದನೆ ಬೇಡ. ಸ್ಟೀಲ್ ಲೋಟ ಬರಿ. ಬದನೆ ಕಲಿಸಿದ್ದು ಅಲ್ಲಿ ಕೆಲಸಕ್ಕೆ ಬರುತ್ತದೆಯೋ ನೋಡು. ಲೋಟಕ್ಕೆ ತನ್ನದೆಂಬ ಬಣ್ಣವೇ ಇಲ್ಲ. ಪಕ್ಕದ ಟೊಮೆಟೊ, ಮೇಜಿನ ಬಟ್ಟೆ, ನಿನ್ನ ಹಸಿರು ಕುರ್ತಾ ಎಲ್ಲ ಉದ್ದುದ್ದ ಪಟ್ಟಿಗಳಾಗಿ ಅದರೊಳಗೆ ಬಂದು ಸೇರಿರುತ್ತವೆ. ಬೂದಿ ಬಣ್ಣ ಬಳಿದರೆ ಲೋಟವಾಗುವುದಿಲ್ಲ.

ಹಾಗಾದರೆ ಇಟಲಿಯ ಮೊರಾಂಡಿ ಜೀವಮಾನವೆಲ್ಲ ಅವೇ ಬಾಟಲಿ, ಹೂಜಿ, ಡಬ್ಬಿಗಳನ್ನು ಬರೆದನಲ್ಲ ಎಂದು ನೀನು ವಾದ ಹೂಡುತ್ತೀ. ಹೂಡು. ಬೊಲೋನ್ಯಾದ ಆ ಕೋಣೆಯಲ್ಲಿ ಬಾಟಲಿಗಳು ಅವೇ ಇದ್ದವು, ಆದರೆ ಅವುಗಳ ನಡುವಿನ ಸಂದು ಒಂದು ಚಿತ್ರದಿಂದ ಇನ್ನೊಂದಕ್ಕೆ ಬದಲಾಗುತ್ತಿತ್ತು. ಅವನು ಬರೆದದ್ದು ಆ ಸಂದನ್ನು. ನಮ್ಮ ಕೆ. ವೆಂಕಟಪ್ಪನವರ ಊಟಿ, ಕೊಡೈಕೆನಾಲ್ ಜಲವರ್ಣಗಳೂ ಹಾಗೆ, ಗುಡ್ಡಕ್ಕಿಂತ ಅದರ ಮೇಲೆ ಹಾಯುವ ಮಂಜು, ಮೋಡ, ಬೆಳಕೇ ಅಲ್ಲಿನ ವಸ್ತು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿಯೇ ಇದೆ, ನಿನ್ನ ಆಫೀಸಿನಿಂದ ಮೆಟ್ರೊ ಹತ್ತಿದರೆ ಆಯಿತು. ಮೊರಾಂಡಿಯ ಹಾಗೆ ಒಂದೇ ವಸ್ತುವನ್ನು ನೋಡಿ ಮುಗಿಸಲಾರೆ ಅನ್ನಿಸುವ ಕಾಲ ನಿನಗೂ ಬರಬಹುದು. ಬಂದಾಗ ದಾಸವಾಳಕ್ಕೆ ವಾಪಸ್ಸು ಹೋಗು, ಬೇಡವೆನ್ನುವುದಿಲ್ಲ.

ನೀನು ರಾತ್ರಿ ಬರೆಯುವವಳು, ಆದ್ದರಿಂದ ದೀಪದ ಸಂಗತಿ. ಹಳದಿ ಬಲ್ಬಿನ ಕೆಳಗೆ ಬಿಳಿ ಕಾಗದವೇ ಹಳದಿಯಾಗಿರುತ್ತದೆ, ತೆಳು ಹಳದಿ ಬಣ್ಣ ಅದರ ಮೇಲೆ ಕಣ್ಣಿಗೇ ಬೀಳುವುದಿಲ್ಲ. ಸಾಲದೆಂದು ಇನ್ನಷ್ಟು ಬಳಿಯುತ್ತೀ, ಬೆಳಿಗ್ಗೆ ಎದ್ದು ನೋಡಿದರೆ ಚಿತ್ರಕ್ಕೆ ಕಾಮಾಲೆ. ಕಾಗದದ ಮೇಲೆ ಬಿಳಿ ಬೆಳಕಿನ ದೀಪ ಇರಲಿ, ವಸ್ತುವಿಗೆ ಬೇಕಾದರೆ ಬೇರೆ ದೀಪ. ಮಳೆಗಾಲದಲ್ಲಿ ಊರಿಗೆ ಬಂದಾಗ ಇದಕ್ಕೂ ದೊಡ್ಡ ಪಾಠ ಸಿಗುತ್ತದೆ: ಆಷಾಢದಲ್ಲಿ ಇಲ್ಲಿ ಒಂದು ಪದರ ಒಣಗುವಷ್ಟರಲ್ಲಿ ಕಾಫಿ ಕುಡಿದು ಬರಬಹುದು, ಅಂಚುಗಳೆಲ್ಲ ತಾವಾಗಿಯೇ ಕರಗಿ ಮೆತ್ತಗಾಗುತ್ತವೆ. ಅದೇ ಏಪ್ರಿಲ್‌ನಲ್ಲಿ ರಾಯಚೂರಿನಲ್ಲಿ ಕೂತರೆ ಕುಂಚ ಮುಂದಕ್ಕೆ ಹೋಗುವ ಮೊದಲೇ ಹಿಂದಿನದು ಒಣಗಿ ಗೆರೆ ಕಟ್ಟಿರುತ್ತದೆ. ಆಯಾ ಊರಿನ ಗಾಳಿ ಏನು ಕೊಡುತ್ತದೋ ಅದನ್ನೇ ಬರಿ.

ದಿನ ತಪ್ಪಿದರೆ? ತಪ್ಪಲಿ. ಜ್ವರ ಬರುತ್ತದೆ, ಕಂಪನಿಯಲ್ಲಿ ಗಡುವು ಬರುತ್ತದೆ. ಮರುದಿನ ಎರಡು ಬರೆದು ಬಡ್ಡಿ ಸಮೇತ ತೀರಿಸುವ ಉಸಾಬರಿ ಬೇಡ. ದಿನಾ ಬರೆಯುವುದರ ದೊಡ್ಡ ಸುಖ ಏನೆಂದರೆ ಯಾವ ಒಂದು ಚಿತ್ರದ ಮೇಲೂ ಭಾರ ಬೀಳುವುದಿಲ್ಲ, ಇವತ್ತಿನದು ಕೆಟ್ಟರೆ ನಾಳೆಯದು ಇದ್ದೇ ಇದೆ. ಸಾಲ ತೀರಿಸಲು ಕೂತರೆ ಆ ಸುಖವೇ ಹೋಗುತ್ತದೆ. ಹಾಗೆಂದು ಅರ್ಧಕ್ಕೆ ಬಿಡುವ ಚಾಳಿ ಮಾತ್ರ ಬೇಡ. ಕೆಟ್ಟದ್ದನ್ನೂ ಮುಗಿಸು, ಹಿಂದೆ ಕಾನ್‌ಸ್ಟೆಬಲ್‌ನ ಹಾಗೆ ತಾರೀಖು, ಗಂಟೆ, ಹವೆ ಬರಿ. ಜೊತೆಗೆ ಯಾವ ಯಾವ ಬಣ್ಣ ಕಲಸಿದೆ ಎಂದೂ ಬರಿ. ಹಳೆಯ ಅಲಿಜರಿನ್ ಕ್ರಿಮ್ಸನ್‌ನಂಥ ಕೆಂಪುಗಳು ಬೆಳಕಿಗೆ ಪೇಲವವಾಗುತ್ತವೆ, ಯಾವುದು ಹಾರಿತು, ಯಾವುದು ನಿಂತಿತು ಎಂದು ಆ ಬರಹವೇ ಹೇಳಬೇಕು.

ಮಾರುವುದಕ್ಕೆ ನನ್ನ ತಕರಾರಿಲ್ಲ. ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯಲ್ಲಿ ನಡೆದು ನೋಡು, ಗೋಡೆ ತುಂಬುವ ಚಿತ್ರದ ಮುಂದೆ ಜನ ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ, ಅಂಗೈಯಗಲದ್ದನ್ನು ಕೊಂಡು ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಆದರೆ ಎರಡು ದಾಸವಾಳ ಮಾರಾಟವಾದ ಕೂಡಲೇ ಕೈ ಮೂರನೆಯದಕ್ಕೆ ತುಡಿಯುತ್ತದೆ. ಮೊಬೈಲಿನಲ್ಲಿ ಬೀಳುವ ಲೈಕುಗಳೂ ಅದನ್ನೇ ಮಾಡುತ್ತವೆ, ಬಿಟ್ಟಿಯಾಗಿ. ಕೊಳ್ಳುವವರು ಬೆಲೆ ಕೇಳಲಿ, ನಾಳೆ ಏನು ಬರೆಯಬೇಕೆಂದು ಹೇಳುವ ಅಧಿಕಾರ ಅವರಿಗಿಲ್ಲ.

ಬರೆದದ್ದನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದಿಡಬೇಡ, ಬೂಷ್ಟು ಹಿಡಿಯುತ್ತದೆ. ಚಪ್ಪಲಿ ಡಬ್ಬಿ ಸಾಕು, ನಡುನಡುವೆ ತೆಳು ಕಾಗದ. ದಸರೆಗೆ ಬರುವಾಗ ಆ ಡಬ್ಬಿಯನ್ನು ಹೊತ್ತು ತಾ. ಚೆನ್ನಾಗಿ ಬಂದವನ್ನು ಬೇಕಾದರೆ ಅಲ್ಲೇ ಬಿಟ್ಟು ಬಾ, ಅವನ್ನೆಲ್ಲ ಫೋನಿನಲ್ಲಿ ನೋಡಿಯಾಗಿದೆ. ನೀನು ಯಾರಿಗೂ ಕಳಿಸದೆ ಇಟ್ಟುಕೊಂಡವು ನನಗೆ ಬೇಕು, ಆ ಮಿಕ್ಸಿ ಜಾರಿನಿಂದ ಶುರುಮಾಡೋಣ.