ಸಮಾರಂಭದಿಂದ ಹೊರಡುವ ಕ್ರಮ: ಸಾಮಾಜಿಕ ಆತಂಕ ಇರುವವರಿಗೆ

ತಮ್ಮ ನಡೆನುಡಿಯನ್ನು ನಾಲ್ಕು ಜನ ಅಳೆಯುತ್ತಾರೆ, ತಪ್ಪು ಹುಡುಕುತ್ತಾರೆ ಎಂದು ಬಿಡದೆ ಕಾಡುವ ಅತಿಯಾದ ಭಯಕ್ಕೆ ಸಾಮಾಜಿಕ ಆತಂಕವೆಂದು ಹೆಸರು; ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯಲ್ಲಿ ಅದು 1980ರಲ್ಲಿ ಸೋಷಿಯಲ್ ಫೋಬಿಯಾ ಎಂಬ ಹೆಸರಿನಿಂದ ಸೇರಿತು. ಇಂಥವರಲ್ಲಿ ಹಲವರಿಗೆ ಮದುವೆಗೋ ಗೃಹಪ್ರವೇಶಕ್ಕೋ ಹೋಗುವುದಕ್ಕಿಂತ ಅಲ್ಲಿಂದ ಹೊರಡುವುದೇ ಕಷ್ಟ. ಬಂದವರನ್ನು ಎದುರುಗೊಂಡು ಮಾತನಾಡಿಸುವ ಕೆಲಸ ಮನೆಯವರದಾದರೆ, ಹೊರಡುವ ಮಾತು ತೆಗೆಯುವ ಹೊಣೆ ಅತಿಥಿಯದೇ ಆಗಿರುತ್ತದೆ.

ಹೊರಡುವ ಹೊತ್ತನ್ನು ಮನೆಯಲ್ಲೇ ನಿಶ್ಚಯಿಸಿಕೊಂಡು, ಸಮಾರಂಭಕ್ಕೆ ತಲುಪಿದ ಕೂಡಲೇ ಮನೆಯವರಲ್ಲಿ ಒಬ್ಬರಿಗೆ ತಿಳಿಸುವುದು ಮೊದಲ ಕೆಲಸ. ಮುಯ್ಯಿಯನ್ನು ಕೊನೆಗೆ ಉಳಿಸಿಕೊಳ್ಳಬಾರದು; ಸಾಧ್ಯವಾದರೆ ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕೂರಬೇಕು. ಹೊರಟವರನ್ನು ತಡೆಯುವ ಮೊದಲ ಪ್ರಶ್ನೆ ಊಟವಾಯಿತೇ ಎಂಬುದೇ ಆದ್ದರಿಂದ, ಉಂಡವರನ್ನು ಹೆಚ್ಚು ಹೊತ್ತು ಹಿಡಿದಿಡಲು ಯಾರಿಗೂ ಕಾರಣ ಸಿಗುವುದಿಲ್ಲ.

ಮಾತು ಒಮ್ಮೆಲೇ ಮುಗಿಯುವುದಿಲ್ಲ, ಮುಗಿಸಲು ಇಬ್ಬರೂ ಒಪ್ಪಿದ ಸೂಚನೆ ಮೊದಲು ಬೇಕಾಗುತ್ತದೆ ಎಂಬುದನ್ನು ಸಮಾಜಶಾಸ್ತ್ರಜ್ಞರಾದ ಇಮ್ಯಾನುಯೆಲ್ ಶೆಗ್ಲಾಫ್ ಮತ್ತು ಹಾರ್ವೆ ಸ್ಯಾಕ್ಸ್ 1973ರ ತಮ್ಮ ಪ್ರಬಂಧದಲ್ಲಿ ವಿವರಿಸಿದ್ದಾರೆ. ಕನ್ನಡದಲ್ಲಿ "ಸರಿ ಹಾಗಾದರೆ", "ಮತ್ತೆ, ಬರಲಾ?" ಎಂಬ ಮಾತುಗಳು ಈ ಕೆಲಸವನ್ನೇ ಮಾಡುತ್ತವೆ. ಕುಳಿತಲ್ಲಿಂದಲೇ ಇವನ್ನು ಹೇಳಿದರೆ ಹೊಸ ಮಾತು ಹುಟ್ಟಿಕೊಳ್ಳುವುದರಿಂದ, ಮೊದಲು ಎದ್ದು ನಿಂತು ಆಮೇಲೆ ಹೇಳಬೇಕು. "ಹೋಗಿ ಬರುತ್ತೇನೆ" ಎಂದ ಮೇಲೆ ಮತ್ತೆ ಕೂರಬಾರದು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಹೇಳದೆ ಜಾರಿಕೊಳ್ಳುವ ಅಭ್ಯಾಸದ ವಿಷಯದಲ್ಲಿ. ಕೈತೊಳೆಯುವ ನೆಪದಲ್ಲಿ ಎದ್ದು ಹಾಗೆಯೇ ಹೊರಟುಹೋಗುವುದು, ಬಾರದ ಫೋನ್ ಕರೆಯನ್ನು ಕಿವಿಗೆ ಹಿಡಿದು ಬಾಗಿಲು ದಾಟುವುದು ಆ ಕ್ಷಣಕ್ಕೆ ನೆಮ್ಮದಿ ಕೊಡುತ್ತವೆ ಎಂಬುದು ನಿಜ. ಆದರೆ ಭಯಪಟ್ಟ ಅನಾಹುತವನ್ನು ತಪ್ಪಿಸಲೆಂದು ಮಾಡುವ ಇಂಥ ಕ್ರಿಯೆಗಳೇ ಆತಂಕವನ್ನು ಪೋಷಿಸುತ್ತವೆ ಎಂದು ಮನಶ್ಶಾಸ್ತ್ರಜ್ಞರಾದ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ಮಂಡಿಸಿದ ಸಿದ್ಧಾಂತ ಹೇಳುತ್ತದೆ. ಇವುಗಳನ್ನು ಸುರಕ್ಷಾ ವರ್ತನೆಗಳು ಎನ್ನಬಹುದು. ಹೇಳಿ ಹೊರಟರೆ ಏನಾಗುತ್ತದೆ ಎಂಬುದನ್ನು ಜಾರಿಕೊಂಡವರು ಎಂದೂ ಕಾಣದೆ ಇರುವುದರಿಂದ, ಏನೂ ಆಗುತ್ತಿರಲಿಲ್ಲ ಎಂಬ ಅರಿವು ಅವರಿಗೆ ಬರುವುದೇ ಇಲ್ಲ. ಇತ್ತ ಮನೆಯವರು ತಾಂಬೂಲ ಹಿಡಿದು ಹುಡುಕುತ್ತಾರೆ, ಸಂಜೆ ಫೋನ್ ಮಾಡಿ "ಹೇಳದೆ ಹೋದಿರಲ್ಲ, ಬೇಸರವಾಯಿತೇ?" ಎಂದು ಕೇಳುತ್ತಾರೆ, ಅರ್ಧ ನಿಮಿಷದಲ್ಲಿ ಮುಗಿಯಬೇಕಿದ್ದ ಮಾತು ಮುಂದಿನ ಸಮಾರಂಭದವರೆಗೂ ಬೆನ್ನಿಗೆ ಬೀಳುತ್ತದೆ. ಸುಳ್ಳು ಕಾರಣ ಕೊಟ್ಟವರಿಗಂತೂ ಅದನ್ನು ನೆನಪಿಟ್ಟುಕೊಳ್ಳುವ ಹೊರೆಯೂ ಸೇರುತ್ತದೆ. ಒಂದೇ ಕಾರಣ, ಅದೂ ನಿಜವಾದದ್ದು, ಸಾಕು; ಕಾರಣವನ್ನೇ ಹೇಳದಿದ್ದರೂ ತಪ್ಪಿಲ್ಲ.

"ಇಷ್ಟು ಬೇಗ ಹೊರಟಿರಾ?" ಎಂಬುದು ಉಪಚಾರದ ಮಾತೇ ಹೊರತು ಆಕ್ಷೇಪವಲ್ಲವಾದ್ದರಿಂದ, ಅದಕ್ಕೆ ಸಮಜಾಯಿಷಿ ಕೊಡದೆ ಮೊದಲು ಹೇಳಿದ್ದನ್ನೇ ನಗುಮುಖದಿಂದ ಇನ್ನೊಮ್ಮೆ ಹೇಳಿ, ತಾಂಬೂಲ ಪಡೆದು ಹೊರಡಬೇಕು. ಎಲ್ಲರಿಗೂ ಹೇಳಬೇಕಾಗಿಲ್ಲ, ಮನೆಯವರಲ್ಲಿ ಒಬ್ಬರಿಗೆ ಮತ್ತು ಹಿರಿಯರೊಬ್ಬರಿಗೆ ಹೇಳಿದರೆ ಸಾಕಾಗುತ್ತದೆ. ಆತಂಕದಿಂದಾಗಿ ಸಮಾರಂಭಗಳಿಗೆ ಹೋಗುವುದನ್ನೇ ಬಿಟ್ಟವರು ಮನೋವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.